ಕಿತ್ತುಕೊಳ್ಳಲಾಗದ ಸ್ವಾಯತ್ತತೆ

ಬಾಲ್ಟಿಕ್ ಸಮುದ್ರದಲ್ಲಿ ಸ್ವೀಡನ್ನಿಗೂ ಫಿನ್ಲೆಂಡಿಗೂ ನಡುವೆ ಸಾವಿರಾರು ದ್ವೀಪಗಳಾಗಿ ಚದುರಿಕೊಂಡಿರುವ ನಾಡು ಓಲಂಡ್. ಜನ ಸುಮಾರು 30,000. ಆಡುವುದು ಸ್ವೀಡಿಷ್, ಸೇರಿರುವುದು ಫಿನ್ಲೆಂಡಿಗೆ. ಆದರೂ ಅವರಿಗೆ ತಮ್ಮದೇ ಶಾಸನಸಭೆಯಿದೆ, ಬಾವುಟವಿದೆ, ಅಂಚೆಚೀಟಿಯಿದೆ.

ಫಿನ್ಲೆಂಡ್ ಒಕ್ಕೂಟವಲ್ಲ, ಏಕಾತ್ಮಕ ರಾಷ್ಟ್ರ. ಇಂಥ ದೇಶಗಳಲ್ಲಿ ಸ್ವಾಯತ್ತತೆ ಕೇಂದ್ರ ಕೊಟ್ಟದ್ದು, ಕೊಟ್ಟವರು ಹಿಂಪಡೆಯಲೂಬಹುದು. ಉದಾಹರಣೆಗೆ, ಉತ್ತರ ಐರ್ಲೆಂಡಿಗೆ 1921ರಲ್ಲಿ ಸ್ವಂತ ಸಂಸತ್ತು ಬಂತು. ಹಿಂಸಾಚಾರ ಕೈಮೀರಿದಾಗ, 1972ರಲ್ಲಿ ಲಂಡನ್ ಅದನ್ನು ಅಮಾನತಿನಲ್ಲಿಟ್ಟು ಮರುವರ್ಷ ರದ್ದು ಮಾಡಿತು. ಅದಕ್ಕೆ ಬೆಲ್‌ಫಾಸ್ಟಿನ ಆ ಸಂಸತ್ತಿನ ಒಪ್ಪಿಗೆ ಬೇಕಾಗಲಿಲ್ಲ.

ಓಲಂಡಿನಲ್ಲಿ ಹಾಗೆ ಮಾಡಲಾಗದು. ಅದರ ಸ್ವಾಯತ್ತತಾ ಕಾಯ್ದೆಯನ್ನು ತಿದ್ದಲು ಹೆಲ್ಸಿಂಕಿಯ ಸಂಸತ್ತು ಸಂವಿಧಾನ ತಿದ್ದುಪಡಿಯ ಕ್ರಮವನ್ನೇ ಅನುಸರಿಸಬೇಕು. ಅದರ ಜೊತೆಗೆ ಲಾಗ್ಟಿಂಗ್ ಎಂಬ ಓಲಂಡಿನ ಶಾಸನಸಭೆಯೂ ಮೂರನೇ ಎರಡರಷ್ಟು ಬಹುಮತದಿಂದ ಒಪ್ಪಬೇಕು. ಒಕ್ಕೂಟದೊಳಗಿನ ನಮ್ಮ ರಾಜ್ಯಗಳಿಗೂ ಇಷ್ಟು ರಕ್ಷಣೆಯಿಲ್ಲ. ನಮ್ಮ ಸಂವಿಧಾನದ 3ನೇ ವಿಧಿಯ ಪ್ರಕಾರ ರಾಜ್ಯವೊಂದರ ಗಡಿ ಬದಲಿಸುವ ಮುನ್ನ ಅದರ ವಿಧಾನಸಭೆಯ ಅಭಿಪ್ರಾಯ ಕೇಳಿದರೆ ಸಾಕು. 2014ರಲ್ಲಿ ಆಂಧ್ರದ ವಿಧಾನಸಭೆ ಬೇಡವೆಂದರೂ ತೆಲಂಗಾಣ ಆಯಿತು. ಒಕ್ಕೂಟ, ಏಕಾತ್ಮಕ ಎಂಬ ಹಣೆಪಟ್ಟಿಗಿಂತ, ಬದಲಾವಣೆಗೆ ಯಾರ ಒಪ್ಪಿಗೆ ಬೇಕು ಎಂಬುದನ್ನೇ ನೋಡಬೇಕೆಂದು ನನಗನ್ನಿಸುವುದು ಇದಕ್ಕೇ.

ಈ ವ್ಯವಸ್ಥೆಯನ್ನು ಓಲಂಡಿನವರು ಕೇಳಿ ಪಡೆದದ್ದಲ್ಲ. 1809ರಲ್ಲಿ ಸ್ವೀಡನ್ನಿನ ಕೈತಪ್ಪಿ ರಷ್ಯಾದ ಪಾಲಾಗಿದ್ದ ಅವರು, 1917ರಲ್ಲಿ ಆ ಸಾಮ್ರಾಜ್ಯ ಕುಸಿದಾಗ ಸ್ವೀಡನ್ನಿಗೆ ಮರಳಲು ಬಯಸಿದರು. ಆಗಷ್ಟೇ ಸ್ವತಂತ್ರವಾದ ಫಿನ್ಲೆಂಡ್ ಬಿಟ್ಟುಕೊಡದೆ, 1920ರಲ್ಲಿ ಸ್ವಾಯತ್ತತೆಯ ಕಾಯ್ದೆ ಮಾಡಿತು. ದ್ವೀಪದವರು ಒಪ್ಪಲಿಲ್ಲ. ವಿವಾದ ರಾಷ್ಟ್ರಸಂಘದ ಮುಂದೆ ಹೋಯಿತು. 1921ರ ಜೂನ್‌ನಲ್ಲಿ ತೀರ್ಮಾನವಾಯಿತು: ಸಾರ್ವಭೌಮತ್ವ ಫಿನ್ಲೆಂಡಿನದು, ಆದರೆ ದ್ವೀಪವಾಸಿಗಳ ಭಾಷೆ, ಸಂಸ್ಕೃತಿ, ನೆಲಕ್ಕೆ ಅದು ಖಾತರಿ ಕೊಡಬೇಕು. 1922ರ ಜೂನ್ 9ರಂದು ಲಾಗ್ಟಿಂಗ್ ಮೊದಲ ಸಲ ಸೇರಿತು.

ಶಾಲೆ, ಆಸ್ಪತ್ರೆ, ಪೊಲೀಸ್, ಅಂಚೆ ಲಾಗ್ಟಿಂಗಿನ 30 ಸದಸ್ಯರ ಅಧಿಕಾರಕ್ಕೆ ಒಳಪಟ್ಟಿವೆ. ವಿದೇಶಾಂಗ, ನ್ಯಾಯಾಲಯ, ಸುಂಕ ಹೆಲ್ಸಿಂಕಿಯ ಬಳಿ. ಲಾಗ್ಟಿಂಗ್ ಮಾಡಿದ ಕಾನೂನು ಇಷ್ಟವಾಗಲಿಲ್ಲವೆಂದು ಫಿನ್ಲೆಂಡಿನ ಅಧ್ಯಕ್ಷರು ತಡೆಯುವಂತಿಲ್ಲ. ತಡೆಯಬೇಕಾದರೆ ಆ ಕಾನೂನು ಲಾಗ್ಟಿಂಗಿನ ಅಧಿಕಾರವ್ಯಾಪ್ತಿ ಮೀರಿರಬೇಕು, ಇಲ್ಲವೇ ದೇಶದ ಭದ್ರತೆಗೆ ಸಂಬಂಧಿಸಿರಬೇಕು. ಅದಕ್ಕೂ ಮೊದಲು ಸುಪ್ರೀಂ ಕೋರ್ಟಿನ ಅಭಿಪ್ರಾಯ ಪಡೆಯಬೇಕು.

ಹೆಚ್ಚು ಟೀಕೆಗೆ ಗುರಿಯಾಗಬಲ್ಲದ್ದು ಅಲ್ಲಿನ 'ನಿವಾಸ ಹಕ್ಕು'. ಅದಿಲ್ಲದವರು ಲಾಗ್ಟಿಂಗ್ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ, ಅನುಮತಿಯಿಲ್ಲದೆ ಜಮೀನು ಕೊಳ್ಳುವಂತಿಲ್ಲ. ಹೊರಗಿನಿಂದ ಬಂದವರು ಫಿನ್ಲೆಂಡಿನ ಪ್ರಜೆಗಳಾಗಿದ್ದು, ಐದು ವರ್ಷ ಅಲ್ಲಿ ನೆಲೆಸಿ, ಸ್ವೀಡಿಷ್ ಕಲಿತಿದ್ದರೆ ಈ ಹಕ್ಕಿಗೆ ಅರ್ಜಿ ಹಾಕಬಹುದು. ಹೆಲ್ಸಿಂಕಿಯ ಪ್ರಜೆಗೆ ತನ್ನದೇ ದೇಶದಲ್ಲಿ ಈ ನಿರ್ಬಂಧ ಕಠಿಣವೆನಿಸೀತು. ಆದರೆ 50 ಲಕ್ಷಕ್ಕೂ ಹೆಚ್ಚು ಜನರ ದೇಶದಲ್ಲಿ 30,000 ಮಂದಿಯ ಭಾಷೆ ಕಡಲತೀರದ ಜಮೀನಿನ ವ್ಯಾಪಾರದ ಮುಂದೆ ತಾನಾಗಿ ಉಳಿಯುತ್ತಿತ್ತೆಂದು ನಾನು ನಂಬುವುದಿಲ್ಲ.

1951ರಲ್ಲೂ 1991ರಲ್ಲೂ ಕಾಯ್ದೆಯನ್ನು ಹೊಸದಾಗಿ ಬರೆದಾಗ ಓಲಂಡಿನ ಅಧಿಕಾರ ಹಿಗ್ಗಿತು. ಆದಾಯ ತೆರಿಗೆ ಇನ್ನೂ ಬಹುಪಾಲು ಹೆಲ್ಸಿಂಕಿಯ ಕೈಯಲ್ಲಿದೆ. ಈಗ ಅವರು ಕೇಳುತ್ತಿರುವುದು ಅದನ್ನು.