ಬಿಸಿಲಿಗೆ ಒಡೆಯುವ ನೀರು

ಹೊರಗೋಡೆಗೆ ಬಳಿದ ಬಿಳಿ ಪೇಂಟು ಕೆಲವು ವರ್ಷ ಬಿಸಿಲುಂಡ ಮೇಲೆ ಕೈಯಾಡಿಸಿದರೆ ಬೆರಳಿಗೆ ಸೀಮೆಸುಣ್ಣದಂಥ ಪುಡಿ ಹತ್ತುವುದುಂಟು. ಪೇಂಟಿಗೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್ ಬಿಸಿಲು ಬಿದ್ದಾಗ ಸುಮ್ಮನಿರುವುದಿಲ್ಲ. ತನ್ನನ್ನು ಹಿಡಿದಿಟ್ಟ ಅಂಟನ್ನೇ ನಿಧಾನವಾಗಿ ತಿನ್ನುತ್ತದೆ. ಪೇಂಟು ತಯಾರಕರಿಗೆ ತಲೆನೋವಾದ ಇದೇ ಗುಣ ವಿಜ್ಞಾನಿಗಳಲ್ಲಿ ಒಂದು ದೊಡ್ಡ ಆಸೆ ಹುಟ್ಟಿಸಿದೆ. ಬಿಸಿಲಿನಿಂದಲೇ ನೀರನ್ನು ಒಡೆದು ಜಲಜನಕ ಪಡೆಯುವ ಆಸೆ ಅದು.

ಕಥೆ ಆರಂಭವಾಗುವುದು 1967ರಲ್ಲಿ, ಟೋಕಿಯೊ ವಿಶ್ವವಿದ್ಯಾಲಯದಲ್ಲಿ. ಕೆನಿಚಿ ಹೋಂಡಾ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸುತ್ತಿದ್ದ ವಿದ್ಯಾರ್ಥಿ ಅಕಿರಾ ಫುಜಿಶಿಮಾ, ಟೈಟಾನಿಯಂ ಡೈಆಕ್ಸೈಡಿನ ಹರಳೊಂದನ್ನು ನೀರಿನಲ್ಲಿಟ್ಟು, ತಂತಿಯಿಂದ ಪ್ಲಾಟಿನಂ ತುಂಡಿಗೆ ಜೋಡಿಸಿ, ದೀಪದ ಬೆಳಕು ಹಾಯಿಸಿದರು. ಹರಳಿನ ಮೇಲೆ ಆಮ್ಲಜನಕದ ಗುಳ್ಳೆಗಳೆದ್ದವು. ಪ್ಲಾಟಿನಂ ಬಳಿ ಜಲಜನಕ. ಈ ರಂಗದ ಹಿರಿಯರು ಮೊದಲು ಇದನ್ನು ನಂಬಲಿಲ್ಲ. 1972ರಲ್ಲಿ ‘ನೇಚರ್’ ಪತ್ರಿಕೆ ಇವರಿಬ್ಬರ ಲೇಖನ ಪ್ರಕಟಿಸಿತು. ಮರುವರ್ಷವೇ ಅರಬ್ ರಾಷ್ಟ್ರಗಳ ತೈಲ ನಿರ್ಬಂಧದಿಂದ ಎಣ್ಣೆಯ ಬೆಲೆ ಗಗನಕ್ಕೇರಿದಾಗ ಜಗತ್ತು ಆ ಗುಳ್ಳೆಗಳತ್ತ ತಿರುಗಿ ನೋಡಿತು.

ಅಲ್ಲಿ ನಡೆದದ್ದೇನು? ಟೈಟಾನಿಯಂ ಡೈಆಕ್ಸೈಡ್ ಒಂದು ಅರೆವಾಹಕ. ಅದರೊಳಗಿನ ಇಲೆಕ್ಟ್ರಾನುಗಳು ಕಟ್ಟಿಹಾಕಿದಂತಿರುತ್ತವೆ. ಸಾಕಷ್ಟು ಶಕ್ತಿಯ ಬೆಳಕು ತಾಗಿದರೆ ಇಲೆಕ್ಟ್ರಾನು ಒಂದು ಅಂತರವನ್ನು ಹಾರಿ ಬಿಡುಗಡೆ ಹೊಂದುತ್ತದೆ. ಅದಿದ್ದ ಜಾಗ ಖಾಲಿಯಾಗುತ್ತದೆ. ಹಾರಿದ ಇಲೆಕ್ಟ್ರಾನು ನೀರಿನಿಂದ ಜಲಜನಕವನ್ನು ಬಿಡಿಸಿದರೆ, ಖಾಲಿ ಜಾಗವು ನೀರಿನಿಂದ ಇಲೆಕ್ಟ್ರಾನು ಕಸಿದು ಆಮ್ಲಜನಕವನ್ನು ಹೊರಹಾಕುತ್ತದೆ.

ತೊಡಕಿರುವುದು ಆ ಅಂತರದಲ್ಲೇ. ನೀರು ಒಡೆಯಲು ಕನಿಷ್ಠ 1.23 ಇಲೆಕ್ಟ್ರಾನ್ ವೋಲ್ಟ್ ಬೇಕು. ಟೈಟಾನಿಯಂ ಡೈಆಕ್ಸೈಡಿನಲ್ಲಿ ಅಂತರ 3ಕ್ಕೂ ಕಡಿಮೆಯಿಲ್ಲ. ಅಷ್ಟನ್ನು ಹಾರಿಸಬಲ್ಲದ್ದು ಅತಿನೇರಳೆ ಕಿರಣ ಮಾತ್ರ. ಬಿಸಿಲಿನ ಶಕ್ತಿಯಲ್ಲಿ ಅದರ ಪಾಲು ಶೇಕಡಾ 5ರಷ್ಟು, ಮಿಕ್ಕದ್ದೆಲ್ಲ ವ್ಯರ್ಥ.

ಹಾಗಾದರೆ ಅಂತರ ಕಿರಿದಾದ ವಸ್ತುವನ್ನೇ ಬಳಸಬಾರದೇಕೆ? ಕ್ಯಾಡ್ಮಿಯಂ ಸಲ್ಫೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ಹೀರುತ್ತದೆ. ಆದರೆ ಅದು ನೀರನ್ನು ಒಡೆಯುವ ಬದಲು ತಾನೇ ಕರಗತೊಡಗುತ್ತದೆ. ಸಿಲಿಕಾನಿನ ಅಂತರ ಸುಮಾರು 1.1, ಅದರ ಒಂದು ಪದರದ ಕಸುವು ಸಾಲದು. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದಲ್ಲಿ ಖಸೆಲೆವ್ ಮತ್ತು ಟರ್ನರ್ 1998ರಲ್ಲಿ ಎರಡು ಅರೆವಾಹಕಗಳನ್ನು ಒಂದರ ಮೇಲೊಂದು ಕೂರಿಸಿ ಬೆಳಕಿನ ಶಕ್ತಿಯ ಶೇಕಡಾ 12.4ರಷ್ಟನ್ನು ಜಲಜನಕವಾಗಿಸಿದರು. ಆದರೆ ಆ ವಸ್ತುಗಳ ಬೆಲೆ ವಿಪರೀತ, ನೀರಿನಲ್ಲಿ ಆಯುಷ್ಯ ಕಡಿಮೆ. ಹೀಗೆ ಬಾಳಿಕೆ ಬರುವುದು ಬೆಳಕು ಹೀರದು, ಬೆಳಕು ಹೀರುವುದು ಬಾಳಿಕೆ ಬಾರದು.

ಕಜುನಾರಿ ಡೊಮೆನ್ ಅವರ ಜಪಾನಿ ತಂಡ 2021ರಲ್ಲಿ ವರದಿ ಮಾಡಿದ ಪ್ರಯೋಗ ಈ ಹಾದಿಯ ದೊಡ್ಡ ಹೆಜ್ಜೆ. ಅಲ್ಯೂಮಿನಿಯಂ ಬೆರೆತ ಸ್ಟ್ರಾನ್ಷಿಯಂ ಟೈಟನೇಟ್ ಪುಡಿಯನ್ನು ಹಾಳೆಗಳಿಗೆ ಲೇಪಿಸಿ 100 ಚದರ ಮೀಟರ್ ಬಯಲಿನಲ್ಲಿ ಹಾಸಿದರು. ತಿಂಗಳುಗಟ್ಟಲೆ ಕೆಲಸ ನಡೆಯಿತು. ಆದರೂ ಜಲಜನಕವಾಗಿದ್ದು ಬಿಸಿಲಿನ ಶಕ್ತಿಯ ಶೇಕಡಾ 0.76 ಮಾತ್ರ, ಅದೂ ಅತಿ ಹೆಚ್ಚೆಂದರೆ.

ಇದೆಲ್ಲ ನಮಗೇಕೆ ಎನ್ನುವವರು ಹೊಲಕ್ಕೆ ಹಾಕುವ ಯೂರಿಯಾ ಚೀಲವನ್ನು ನೆನೆಯಬೇಕು. ಯೂರಿಯಾ ಆಗುವುದು ಅಮೋನಿಯಾದಿಂದ. ಅಮೋನಿಯಾಕ್ಕೆ ಜಲಜನಕ ಬೇಕು. ನಮ್ಮ ಕಾರ್ಖಾನೆಗಳಲ್ಲಿ ಆ ಜಲಜನಕ ಬರುವುದು ಮುಖ್ಯವಾಗಿ ನೈಸರ್ಗಿಕ ಅನಿಲದಿಂದ. ಅದರಲ್ಲಿ ದೊಡ್ಡ ಪಾಲು ಹೊರದೇಶದ್ದು. 2023ರಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ನೀಡಿತು. 2030ರೊಳಗೆ ವರ್ಷಕ್ಕೆ 50 ಲಕ್ಷ ಟನ್ ತಯಾರಿಸುವ ಸಾಮರ್ಥ್ಯ ಅದರ ಗುರಿ. ಆದರೆ ಅಲ್ಲಿನ ನೆಚ್ಚಿಕೆ ಹೆಚ್ಚಾಗಿ ಸೌರ ಫಲಕಗಳ ಅಥವಾ ಗಾಳಿಯಂತ್ರಗಳ ವಿದ್ಯುತ್ತನ್ನು ನೀರಿಗೆ ಹಾಯಿಸುವ ವಿಧಾನದ ಮೇಲೆ. ಬಿಸಿಲಿಗೆ ನೇರವಾಗಿ ನೀರು ಒಡೆಯುವ ಪುಡಿ ಈ ಜೋಡಿಗಿಂತ ಅಗ್ಗವಾಗದೆ ಪ್ರಯೋಗಾಲಯದಿಂದ ಹೊರಬಾರದು.

ಫುಜಿಶಿಮಾ ಬೆಳಕು ಚೆಲ್ಲಿದ ವಸ್ತುವಂತೂ ಕಾದು ಕೂರಲಿಲ್ಲ. ಬಿಸಿಲಿಗೆ ತನ್ನ ಕೊಳೆಯನ್ನು ತಾನೇ ಕಳೆದುಕೊಳ್ಳುವ ಗಾಜು ಮತ್ತು ಟೈಲ್ಸುಗಳ ಮೇಲಿನ ತೆಳುಲೇಪ ಇಂದು ಅದೇ. ಜಲಜನಕದ ಲೆಕ್ಕ ಮಾತ್ರ ಇನ್ನೂ ಬಾಕಿಯಿದೆ.