ಪರಿಪೂರ್ಣತೆಯ ಹಂಬಲ, ಆತ್ಮವಿಶ್ವಾಸ ಮತ್ತು ಗುರಿ ನಿರ್ಧಾರ

ಬನ್ನೇರುಘಟ್ಟ ರಸ್ತೆಗೆ ಹೊಂದಿಕೊಂಡಿರುವ ಅರೆಕೆರೆಯಂತಹ ನಗರ ಬಡಾವಣೆಗಳಲ್ಲಿ ಮಕ್ಕಳ ಅಂಕಗಳ ಬಗ್ಗೆ ಪೋಷಕರಿಗೆ ಕಾಳಜಿ ಇರುವುದು ಸಹಜ. ಉನ್ನತ ಗುರಿಯೂ ತಪ್ಪಲ್ಲ. ಆದರೆ ನೂರಕ್ಕೆ ನೂರು ಬಾರದಿದ್ದರೆ ಎಲ್ಲವೂ ವ್ಯರ್ಥವೆಂಬ ಭಾವನೆ ಮೂಡಿದಾಗ ಗುರಿಯೇ ಹೊರೆಯಾಗುತ್ತದೆ.

ಪರಿಪೂರ್ಣತೆಯ ಹಂಬಲ ಎಂದರೇನು?

ಉತ್ತಮವಾಗಿ ಕೆಲಸ ಮಾಡಬೇಕೆಂಬ ಬಯಕೆ ಬೇರೆ. ಸಣ್ಣ ತಪ್ಪನ್ನೂ ತನ್ನ ಅಯೋಗ್ಯತೆಯೆಂದು ಭಾವಿಸುವುದು ಬೇರೆ. ಕೆನಡಾದ ಮನಶ್ಶಾಸ್ತ್ರಜ್ಞರಾದ ಹೆವಿಟ್ ಮತ್ತು ಫ್ಲೆಟ್ 1991ರಲ್ಲಿ ಇದರ ಮೂರು ಬಗೆಗಳನ್ನು ಗುರುತಿಸಿದರು: ತನ್ನಿಂದಲೇ ಪರಿಪೂರ್ಣತೆಯನ್ನು ನಿರೀಕ್ಷಿಸುವುದು, ಇತರರಿಂದ ನಿರೀಕ್ಷಿಸುವುದು ಹಾಗೂ ಇತರರು ತನ್ನಿಂದ ನಿರೀಕ್ಷಿಸುತ್ತಾರೆಂದು ನಂಬುವುದು. ಮೂರನೆಯದು ಖಿನ್ನತೆ ಮತ್ತು ಆತಂಕದೊಂದಿಗೆ ಸಂಬಂಧ ಹೊಂದಿರುವುದು ಅಧ್ಯಯನಗಳಿಂದ ಕಂಡುಬಂದಿದೆ.

ಆತ್ಮವಿಶ್ವಾಸದ ಪಾತ್ರ

ಒಂದು ಕೆಲಸವನ್ನು ತಾನು ಮಾಡಬಲ್ಲೆನೆಂಬ ನಂಬಿಕೆಯ ಮಹತ್ವವನ್ನು ಆಲ್ಬರ್ಟ್ ಬಂಡೂರಾ 1977ರಲ್ಲಿ ವಿವರಿಸಿದರು. ಈ ನಂಬಿಕೆ ಇರುವವರು ಹೆಚ್ಚಿನ ಗುರಿಯನ್ನು ಆರಿಸಿಕೊಳ್ಳುತ್ತಾರೆ ಮತ್ತು ಸೋತಾಗಲೂ ಪ್ರಯತ್ನ ಮುಂದುವರಿಸುತ್ತಾರೆ. ನಂಬಿಕೆಯಿಲ್ಲದೆ ಗುರಿಯನ್ನು ಮಾತ್ರ ಏರಿಸಿದಲ್ಲಿ ತಪ್ಪಿನ ಭಯದಿಂದ ಓದನ್ನು ಮುಂದೂಡುವ ಪ್ರವೃತ್ತಿ ಬೆಳೆಯಬಹುದು. ಉಪದೇಶಕ್ಕಿಂತ, ಸಣ್ಣ ಕೆಲಸಗಳಲ್ಲಿ ಸ್ವತಃ ಪಡೆದ ಯಶಸ್ಸೇ ಈ ನಂಬಿಕೆಗೆ ಬಲವಾದ ಆಧಾರ.

ಒಂದು ನಿದರ್ಶನ

ಭದ್ರಾವತಿಯಲ್ಲಿ ಜನಿಸಿದ ಜಿ.ಆರ್. ವಿಶ್ವನಾಥ್ ಅವರು 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ತಮ್ಮ ಮೊದಲ ಟೆಸ್ಟ್ ಪಂದ್ಯವಾಡಿದರು. ಮೊದಲ ಇನ್ನಿಂಗ್ಸ್‌ನಲ್ಲಿ ಅವರು ಗಳಿಸಿದ್ದು ಶೂನ್ಯ, ಎರಡನೆಯದರಲ್ಲಿ 137. ಒಂದು ವೈಫಲ್ಯವು ವ್ಯಕ್ತಿಯ ಸಾಮರ್ಥ್ಯದ ಅಂತಿಮ ಅಳತೆಯಲ್ಲ ಎಂಬುದಕ್ಕೆ ಇದು ಸಾಕ್ಷಿ.

ಪೋಷಕರು ಮತ್ತು ಶಿಕ್ಷಕರು ಗಮನಿಸಬೇಕಾದ ಅಂಶಗಳು

1. ಗುರಿಯು ಸ್ಪಷ್ಟವಾಗಿರಲಿ, ತುಸು ಕಠಿಣವಾಗಿರಲಿ, ಆದರೆ ಸಾಧ್ಯವಾದದ್ದಾಗಿರಲಿ.
2. ದೊಡ್ಡ ಗುರಿಯನ್ನು ವಾರದ ಸಣ್ಣ ಹಂತಗಳಾಗಿ ವಿಂಗಡಿಸಬೇಕು.
3. ನೆರೆಮನೆಯ ಮಕ್ಕಳೊಂದಿಗೆ ಹೋಲಿಸದೆ, ಮಗುವಿನ ಹಿಂದಿನ ಪ್ರಗತಿಯೊಂದಿಗೆ ಹೋಲಿಸಬೇಕು.
4. ತಪ್ಪಾದಾಗ ಮೊದಲು ಕಾರಣವನ್ನು ಕೇಳಬೇಕು; ಮಗುವನ್ನು ಹೀಯಾಳಿಸಬಾರದು.
5. ಪ್ರೀತಿಯು ಅಂಕಗಳನ್ನು ಅವಲಂಬಿಸಿಲ್ಲವೆಂಬುದು ಫಲಿತಾಂಶಕ್ಕೆ ಮುನ್ನವೇ ಮಗುವಿಗೆ ತಿಳಿದಿರಬೇಕು.

ನೆರವು ಪಡೆಯುವುದು ಹೇಗೆ?

ನಿದ್ರಾಹೀನತೆ, ಊಟದಲ್ಲಿ ನಿರಾಸಕ್ತಿ, ಏಕಾಂತದ ಒಲವು ಅಥವಾ ಬದುಕು ಬೇಡವೆಂಬ ಮಾತು ಕಂಡುಬಂದಲ್ಲಿ ತಡಮಾಡಬಾರದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಚಿಕಿತ್ಸಾ ಸೌಲಭ್ಯವಿದೆ. ನೆರವು ಕೇಳುವುದು ದೌರ್ಬಲ್ಯದ ಲಕ್ಷಣವಲ್ಲ.