ಸರ್ವರಿನ ಪರಿಸರವೂ ಅದರ ಪ್ರದರ್ಶನವೂ

ಸರ್ವರಿನಲ್ಲಿ ನಡೆಯುವ ಪ್ರೋಗ್ರಾಮಿಗೆ ತನ್ನ ಸುತ್ತಣ ಸನ್ನಿವೇಶದ ತಿಳಿವಳಿಕೆ ಅವಶ್ಯಕ. ಈ ತಿಳಿವಳಿಕೆಯನ್ನು ಹೊತ್ತುತರುವ, ಹೆಸರು ಹಾಗೂ ಬೆಲೆಗಳ ಜೋಡಿಗಳನ್ನು 'ಪರಿಸರ ಚರಗಳು' ಎಂದು ಕರೆಯಬಹುದು. 1979ರಲ್ಲಿ ಹೊರಬಂದ ಯೂನಿಕ್ಸಿನ ಏಳನೆಯ ಆವೃತ್ತಿಯಲ್ಲಿ ಈ ಏರ್ಪಾಡನ್ನು ಕಾಣುತ್ತೇವೆ. 1993ರಲ್ಲಿ ಸಿಜಿಐ ಎಂಬ ಪದ್ಧತಿ ಬಂದಾಗ, ಬ್ರೌಸರಿನ ಕೋರಿಕೆಯ ವಿವರಗಳೂ ಇದೇ ಮಾರ್ಗವಾಗಿ ಪ್ರೋಗ್ರಾಮನ್ನು ಸೇರತೊಡಗಿದುವು.

ಈ ಪರಿಸರವನ್ನು ಒಂದೇ ಪುಟದಲ್ಲಿ ತೋರಿಸುವ ಸಾಧನಗಳಲ್ಲಿ ಪಿಎಚ್‌ಪಿ ಭಾಷೆಯ 'ಪಿಎಚ್‌ಪಿಇನ್ಫೊ' ಬಹು ಪ್ರಸಿದ್ಧವಾದುದು. ಈ ಹೆಸರಿನ ಒಂದು ಸಾಲನ್ನು ಬರೆದರೆ ಸಾಕು. ಭಾಷೆಯ ಆವೃತ್ತಿ, ಸೇರಿಸಿಕೊಂಡ ವಿಸ್ತರಣೆಗಳು, ಸಂರಚನೆಯ ಪ್ರತಿಯೊಂದು ನಿಯಮ, ಪರಿಸರ ಚರಗಳು ಇವೆಲ್ಲವೂ ಕೋಷ್ಟಕಗಳಾಗಿ ಮೂಡುತ್ತವೆ.

ಇದರ ಉಪಯೋಗವನ್ನು ಒಂದು ನಿದರ್ಶನದಿಂದ ವಿವರಿಸೋಣ. ವಿದ್ಯಾರ್ಥಿಯೊಬ್ಬನು ಸರ್ವರಿಗೆ ಏರಿಸಬಹುದಾದ ಕಡತದ ಗಾತ್ರವನ್ನು 2 ಮೆಗಾಬೈಟಿನಿಂದ 10ಕ್ಕೆ ಹೆಚ್ಚಿಸಿ ಬರೆದರೂ ಪರಿಣಾಮ ಕಾಣದೆ ಹೋಗಬಹುದು. ಕಾರಣವೇನೆಂದರೆ, ಒಂದೇ ಯಂತ್ರದಲ್ಲಿ ಹಲವು ಸಂರಚನಾ ಕಡತಗಳಿರುವುದುಂಟು. ಅವನು ತಿದ್ದಿದುದು ಒಂದು, ಸರ್ವರು ಓದಿದುದು ಮತ್ತೊಂದು. ಓದಲ್ಪಟ್ಟ ಕಡತ ಯಾವುದೆಂಬುದನ್ನು ಈ ಪುಟವು ಹೆಸರುಸಹಿತ ತಿಳಿಸುತ್ತದೆ.

ಆದರೆ ಉಪಕಾರಕವಾದ ಈ ಗುಣವೇ ಅಪಾಯಕ್ಕೂ ಮೂಲ. ಈಚಿನ ವರ್ಷಗಳಲ್ಲಿ ಪಾಸ್‌ವರ್ಡುಗಳನ್ನು ಪ್ರೋಗ್ರಾಮಿನೊಳಗೆ ಬರೆಯದೆ ಪರಿಸರ ಚರಗಳಲ್ಲಿಡುವ ವಾಡಿಕೆ ಬೆಳೆದಿದೆ. ಪುಟವು ಮೊದಲಿನದೇ, ಅದು ತೆರೆದಿಡುವ ವಸ್ತು ಮಾತ್ರ ಬದಲಾಯಿತು. 2023ರ ನವೆಂಬರಿನಲ್ಲಿ ಓನ್‌ಕ್ಲೌಡ್ ಎಂಬ ಕಡತ ಸಂಗ್ರಹ ತಂತ್ರಾಂಶದ ವಿಷಯದಲ್ಲಿ ಇದು ಪ್ರಕಟವಾಯಿತು. ಅದರ ಒಂದು ಅಂಗವು ಅವಲಂಬಿಸಿದ್ದ ಹೊರಗಿನ ಗ್ರಂಥಾಲಯದಲ್ಲಿ ಇಂಥ ಪುಟವೊಂದು ಉಳಿದುಬಂದಿತ್ತು. ಕಂಟೈನರುಗಳಲ್ಲಿ ಸ್ಥಾಪಿತವಾದ ಕಡೆ, ಆಡಳಿತಗಾರನ ಪಾಸ್‌ವರ್ಡು ಮೊದಲಾದುವು ಅದರ ಮೂಲಕ ಹೊರಬೀಳಬಹುದಾಗಿತ್ತು. ದೋಷದ ತೀವ್ರತೆಯನ್ನು 10ಕ್ಕೆ 10 ಎಂದು ಅಳೆಯಲಾಯಿತು. ಆ ಅಂಗವನ್ನು ನಿಲ್ಲಿಸಿದ ಮಾತ್ರಕ್ಕೆ ಅಪಾಯ ತಪ್ಪುತ್ತಿರಲಿಲ್ಲ. ಪುಟವನ್ನು ಅಳಿಸಿ, ಪಾಸ್‌ವರ್ಡುಗಳನ್ನೂ ಬದಲಿಸಬೇಕಾಯಿತು.

ಹೀಗಿರಲು, ಕಾಲೇಜಿನ ಪ್ರಯೋಗಾಲಯಗಳಲ್ಲಿ ಮೂರು ಸಂಗತಿಗಳನ್ನು ಪಾಲಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಮೊದಲನೆಯದಾಗಿ, ಇಡೀ ಪುಟದ ಬದಲು ಬೇಕಾದ ಭಾಗವನ್ನು ಮಾತ್ರ ಕೇಳಬೇಕು. ಪಿಎಚ್‌ಪಿಇನ್ಫೊ ಇದಕ್ಕೆ ಅವಕಾಶ ಕೊಟ್ಟಿದೆ. ಎರಡನೆಯದಾಗಿ, ಅಂಥ ಪುಟವನ್ನು ಪ್ರವೇಶ ನಿರ್ಬಂಧವಿರುವ ಸ್ಥಳದಲ್ಲಿಯೇ ಇರಿಸಬೇಕು. ಮೂರನೆಯದಾಗಿ, ಕೆಲಸ ಮುಗಿದೊಡನೆ ಅದನ್ನು ಅಳಿಸಬೇಕು. ಇದೇ ವಿವರಗಳನ್ನು ಆದೇಶ ಸಾಲಿನಿಂದಲೂ ಪಡೆಯಬಹುದು ನಿಜ. ಆದರೆ ಅಲ್ಲಿ ಬೇರೆಯದೇ ಸಂರಚನಾ ಕಡತ ಬಳಕೆಯಲ್ಲಿರಬಹುದಾದುದರಿಂದ, ಆ ಉತ್ತರವನ್ನೇ ಸರ್ವರಿನ ಉತ್ತರವೆಂದು ಭಾವಿಸಲಾಗದು.